ಸ್ವಂತವಾಗಿ ನೋಡಬಹುದು ಅಂತ ಬರೆದವರು ನೀವೇ: ನೈಲ್ ಹಡಗು ಪ್ರವಾಸದ ಬಗ್ಗೆ ದೂರು

ಮಡಿಕೇರಿ, ಕೊಡಗು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಮೈಸೂರು ಶಾಖೆ

ವಿಷಯ: ಈಜಿಪ್ಟಿನ ಲಕ್ಸರ್–ಅಸ್ವಾನ್ ಹಡಗು ಪ್ರವಾಸದಲ್ಲಿ ಗೈಡ್ ಬೇಡವೆಂದ ಜಾಗಗಳ ಹಣ ವಾಪಸ್ ಕೊಡದಿರುವುದು, ಅಬು ಸಿಂಬೆಲ್ ದೇವಸ್ಥಾನದ ವಿಹಾರಕ್ಕೆ ಎರಡನೇ ಸಲ ಹಣ ಕಿತ್ತುಕೊಂಡಿರುವುದು ಮತ್ತು ಎಲ್ಲರ ಮುಂದೆ ನಮ್ಮ ಮರ್ಯಾದೆ ತೆಗೆದಿರುವುದು.

ಮಾನ್ಯರೇ,

ನಿನ್ನೆ ನಿಮ್ಮಿಂದ ಒಂದು ಕೂಪನ್ ಬಂತು. ಮುಂದಿನ ಸಲ ನಿಮ್ಮ ಜೊತೆ ರೈನ್ ನದಿಗೆ ಬಂದರೆ ಗೈಡ್ ಸಹಿತ ವಿಹಾರಗಳಲ್ಲಿ ನೂರಕ್ಕೆ ಹತ್ತು ರಿಯಾಯಿತಿಯಂತೆ. ಗೈಡ್ ಬೇಡ ಅಂದದ್ದಕ್ಕೆ ತಾನೇ ಇಷ್ಟೆಲ್ಲ ರಾಮಾಯಣ ಆದದ್ದು? ಅದಕ್ಕೆ ಪರಿಹಾರ ಇನ್ನಷ್ಟು ಗೈಡ್! ಇಲ್ಲಿವರೆಗೆ ಫೋನಿನಲ್ಲಿ ನಯವಾಗಿಯೇ ಮಾತಾಡುತ್ತಾ ಬಂದೆ. ನಿಮ್ಮ ಕೂಪನ್ ನೋಡಿದ ಮೇಲೆ ಕಾಗದದಲ್ಲೇ ಮಾತಾಡೋಣ ಅನ್ನಿಸಿತು.

ನಿಮ್ಮ ನಿಯಮ ನಿಮಗೆ ಗೊತ್ತಿರಲೇಬೇಕು, ಬರೆದವರು ನೀವೇ ಅಲ್ವಾ. ಆದರೂ ಹಡಗಿನಲ್ಲಿದ್ದ ನಿಮ್ಮ ಟೂರ್ ಮ್ಯಾನೇಜರ್‌ಗೆ ಅದು ಗೊತ್ತಿರಲಿಲ್ಲವಾದ್ದರಿಂದ ಒಂದು ಸಲ ನೆನಪಿಸುತ್ತೇನೆ. ಕೈಪಿಡಿಯ 'ದಡದ ವಿಹಾರಗಳು' ಪುಟ ತೆಗೆಯಿರಿ. ಪ್ರತಿ ನಿಲ್ದಾಣದಲ್ಲೂ ಗೈಡ್ ಜೊತೆ ಹೋಗಬಹುದು, ಸ್ವಂತವಾಗಿಯೂ ನೋಡಬಹುದು. ಸ್ವಂತವಾಗಿ ಹೋಗುವವರು ಹಿಂದಿನ ರಾತ್ರಿ ರಿಸೆಪ್ಷನ್‌ನಲ್ಲಿ ಬರೆಸಿದರೆ ಆ ವಿಹಾರದ ಹಣ ವಾಪಸ್. ಹಡಗು ಬಿಡುವ ಹೊತ್ತಿಗೆ ಬಾರದಿದ್ದರೆ ಕಂಪನಿ ಹೊಣೆಯಲ್ಲ. ಇಷ್ಟೇ. ಇದರಲ್ಲಿ ಎಲ್ಲೂ 'ವಯಸ್ಸಾದವರಿಗೆ ಅನ್ವಯಿಸುವುದಿಲ್ಲ' ಅಂತ ಇಲ್ಲ. ಸಣ್ಣ ಅಕ್ಷರದಲ್ಲೂ ಇಲ್ಲ, ಕನ್ನಡಕ ಹಾಕಿಕೊಂಡು ಹುಡುಕಿದ್ದೇನೆ.

ನಾನು ಮಡಿಕೇರಿ ಹತ್ತಿರ ಹೋಂಸ್ಟೇ ನಡೆಸುವವಳು. ಪ್ರವಾಸಿಗರ ಕಷ್ಟ ಸುಖ ನನಗೂ ಗೊತ್ತು. ರಾಜಾಸೀಟ್ ನೋಡಬೇಕು ಅಂತ ಬಂದವರಿಗೆ ಸುಮ್ನೆ ನಡೆದು ಹೋಗಿ ಬನ್ನಿ ಅಂತೇನೆ. ಮಾಂದಲಪಟ್ಟಿಗಾದರೆ ಜೀಪು ಹಿಡಿಯಿರಿ, ದಾರಿ ಗೊತ್ತಿರುವ ಡ್ರೈವರ್ ಬೇಕು ಅಂತೇನೆ. ರಾಜಾಸೀಟಿಗೂ ಜೀಪು ಹತ್ತಿಸಿ ದುಡ್ಡು ಎಣಿಸಿಕೊಂಡರೆ ಆ ಅತಿಥಿ ಮತ್ತೆ ನಮ್ಮ ಗೇಟು ದಾಟುತ್ತಾನಾ?

ನೈಲ್ ನದಿಯಲ್ಲೂ ನಾವು ಇದೇ ಲೆಕ್ಕದಲ್ಲಿ ಆರಿಸಿಕೊಂಡೆವು. ನಾವು ಅಂದರೆ ನಾನು ಮತ್ತು ನನ್ನ ಅಕ್ಕ. ಅಕ್ಕ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ತೀರ್ಥೋದ್ಭವ ಮುಗಿದ ಮೇಲೆ, ಹುತ್ತರಿಗೂ ಕಾಫಿ ಕೊಯ್ಲಿಗೂ ಮೊದಲು ನಮಗೆ ಸ್ವಲ್ಪ ಬಿಡುವು. ಆ ಬಿಡುವಿಗೆ ಸರಿಹೊಂದಿದ್ದು ನಿಮ್ಮ ನವೆಂಬರ್ ಪ್ರವಾಸ. ಹೊರಡುವ ಮೊದಲು ಅಕ್ಕ ಒಂದು ನೋಟ್‌ಬುಕ್ ತುಂಬ ಬರೆದುಕೊಂಡಿದ್ದಳು. ಎಲ್ಲಿ ಗೈಡ್ ಬೇಕು, ಎಲ್ಲಿ ಬೇಡ ಅಂತ.

ರಾಜರ ಕಣಿವೆಗೆ ಗೈಡ್ ಬೇಕು ಅಂದೆವು. ಅಲ್ಲಿ 60ಕ್ಕೂ ಹೆಚ್ಚು ಗೋರಿಗಳಿವೆ, ಮಾಮೂಲಿ ಟಿಕೆಟ್‌ನಲ್ಲಿ ಮೂರಕ್ಕೆ ಮಾತ್ರ ಬಿಡುತ್ತಾರೆ. 1922ರಲ್ಲಿ ಸಿಕ್ಕ ಟುಟಾಂಖಾಮುನ್ ದೊರೆಯ ಗೋರಿಗೆ ಬೇರೆಯೇ ಟಿಕೆಟ್. ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಅಂತ ಹೇಳಲು ತಿಳಿದವರು ಬೇಕು. ಗೋರಿಯ ಒಳಗೆ ಗೈಡ್ ವಿವರಣೆ ಕೊಡುವ ಹಾಗಿಲ್ಲ, ಆದ್ದರಿಂದ ಅವರು ಹೊರಗೆ ನೆರಳಲ್ಲಿ ನಿಲ್ಲಿಸಿಯೇ ಎಲ್ಲ ಹೇಳಿ ಕಳಿಸಿದರು. ಚೆನ್ನಾಗಿತ್ತು. ಆ ಈಜಿಪ್ಟ್ ಗೈಡ್ ಬಗ್ಗೆ ನನ್ನ ದೂರು ಒಂದೂ ಇಲ್ಲ. ಎಡ್ಫುವಿನಲ್ಲೂ ಅವರ ಜೊತೆಗೇ ಹೋದೆವು. ದಡದಿಂದ ದೇವಸ್ಥಾನ ದೂರ, ಕುದುರೆ ಗಾಡಿಯವರ ಜೊತೆ ಚೌಕಾಸಿ ಮಾಡುವ ಶಕ್ತಿ ನಮಗಿರಲಿಲ್ಲ.

ಬೇಡ ಅಂದದ್ದು ಲಕ್ಸರ್ ದೇವಸ್ಥಾನ ಮತ್ತು ಕೋಮ್ ಓಂಬೋ ದೇವಸ್ಥಾನ, ಇವೆರಡು ಮಾತ್ರ. ಲಕ್ಸರ್ ದೇವಸ್ಥಾನ ಊರ ನಡುವೆಯೇ ಇದೆ, ರಾತ್ರಿ ದೀಪ ಹಾಕಿರುತ್ತಾರೆ. ಬಾಗಿಲಲ್ಲಿ ಒಂಟಿಯಾಗಿ ನಿಂತ ಕಲ್ಲಿನ ಕಂಬವನ್ನು ಅಕ್ಕ ಎಷ್ಟೋ ಹೊತ್ತು ನೋಡಿದಳು. ಅದರ ಜೋಡಿ 1836ರಿಂದ ಪ್ಯಾರಿಸ್‌ನ ಚೌಕದಲ್ಲಿ ನಿಂತಿದೆ. ಕಾರ್ನಾಕ್ ದೇವಸ್ಥಾನದಿಂದ ಅಲ್ಲಿಗೆ ಬರುವ 2.7 ಕಿ.ಮೀ. ಸ್ಫಿಂಕ್ಸ್ ಮೂರ್ತಿಗಳ (ಸಿಂಹದ ಮೈ, ಬೇರೆ ತಲೆ) ದಾರಿ 2021ರಲ್ಲಿ ಮತ್ತೆ ತೆರೆದದ್ದು. ಅದರ ಕೊನೆಯ ತುಂಡಿನಲ್ಲಿ ನಾವು ನಮ್ಮ ಮಂಡಿಗೆ ಒಗ್ಗುವ ವೇಗದಲ್ಲಿ ಓಡಾಡಿದೆವು. ಯಾರೂ ಬಾವುಟ ಹಿಡಿದು ಬೇಗ ಬನ್ನಿ ಅನ್ನಲಿಲ್ಲ. ಆ ಪ್ರವಾಸದಲ್ಲಿ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ ಸಂಜೆ ಅದು. ಅಲ್ಲಿ ನಿಮ್ಮ ಪಾತ್ರ ಏನೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಈಗ ಕೋಮ್ ಓಂಬೋ ವಿಷಯಕ್ಕೆ ಬರುತ್ತೇನೆ.

ನಿಯಮದ ಪ್ರಕಾರ ಹಿಂದಿನ ರಾತ್ರಿಯೇ ರಿಸೆಪ್ಷನ್‌ನಲ್ಲಿ ಬರೆಸಿದ್ದೆವು. ಅಲ್ಲಿನ ಹುಡುಗ ರಿಜಿಸ್ಟರ್‌ನಲ್ಲಿ ನಮ್ಮ ಕೋಣೆ ನಂಬರ್ ಬರೆದು ಟಿಕ್ ಹಾಕಿದ್ದನ್ನು ನಾನೇ ನೋಡಿದ್ದೇನೆ. ಮಾರನೆಯ ಸಂಜೆ ಹಡಗು ದಡ ಸೇರಿತು. ಎಲ್ಲರೂ ಲಾಬಿಯಲ್ಲಿ ಸೇರಿದ್ದರು. ಇಳಿಯುವಾಗ ಕೊಡುವ ಹಳದಿ ಕಾರ್ಡುಗಳೆಲ್ಲ ಒಂದು ಬುಟ್ಟಿಯಲ್ಲಿದ್ದವು. ಆ ಬುಟ್ಟಿ ನಿಮ್ಮ ಟೂರ್ ಮ್ಯಾನೇಜರ್ ಕಂಕುಳಲ್ಲಿತ್ತು. ಇನ್ನೊಂದು ಕೈಯಲ್ಲಿ ಮೈಕು. ಲಾಬಿ ಎಷ್ಟು ದೊಡ್ಡದು ಅಂದರೆ ಕೆಮ್ಮಿದರೂ ಆ ತುದಿಗೆ ಕೇಳಿಸುತ್ತದೆ. ಆದರೂ ಮೈಕು.

ನಾನು ಹೋಗಿ ಎರಡು ಕಾರ್ಡ್ ಕೊಡಿ ಅಂದೆ.

"ಆಂಟಿ, ನೀವು ಗ್ರೂಪಲ್ಲಿ ಬರ್ತಿಲ್ವಲ್ಲಾ?" ಅಂದರು. ಮೈಕಿನಲ್ಲೇ.

ಇಲ್ಲ, ನಿನ್ನೆ ಬರೆಸಿದ್ದೀವಿ ಅಂದೆ.

"ಯಾಕೆ ಆಂಟಿ, ನಮ್ಮ ಗೈಡ್ ಚೆನ್ನಾಗಿ ಹೇಳಲ್ವಾ?"

ಚೆನ್ನಾಗಿ ಹೇಳ್ತಾರೆ, ನಮಗೆ ನಿಧಾನವಾಗಿ ನೋಡಬೇಕು, ಅಕ್ಕನಿಗೆ ಮಂಡಿ ನೋವು ಅಂದೆ. ಇಷ್ಟು ವಿವರಣೆ ಕೊಡುವ ಅಗತ್ಯವೇ ಇರಲಿಲ್ಲ. ಆದರೂ ಕೊಟ್ಟೆ, ಯಾಕೆಂದರೆ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

ಆಗ ಅವರು ನನ್ನನ್ನು ಬಿಟ್ಟು ಗುಂಪಿನ ಕಡೆ ತಿರುಗಿದರು. "ನೋಡಿ, ಈ ಇಬ್ಬರು ಅಜ್ಜಿಯರು ಒಂಟಿಯಾಗಿ ಹೋಗ್ತಾರಂತೆ. ಇದು ಮೊಸಳೆ ದೇವರ ಊರು. ನದೀಲಿ ಮೊಸಳೆ ಇದೆ, ಗೊತ್ತಿದೆಯಾ ಆಂಟಿ? ನಾಳೆ ನಿಮ್ಮ ಮಕ್ಕಳು ನನ್ನ ಕೇಳ್ತಾರೆ!"

ನಕ್ಕರು. ಎಲ್ಲರೂ ಅಲ್ಲ, ಆದರೆ ಸಾಕಷ್ಟು ಜನ. ದಿನವೂ ನಮ್ಮ ಟೇಬಲ್‌ನಲ್ಲೇ ಊಟ ಮಾಡುತ್ತಿದ್ದ ದಂಪತಿಯೂ ನಕ್ಕರು. ಅಕ್ಕ ನನ್ನ ಕೈ ಹಿಡಿದು "ಬಿಡೇ, ಹೋಗೋದೇ ಬೇಡ" ಅಂದಳು. ನೋಟ್‌ಬುಕ್ಕನ್ನು ಬ್ಯಾಗಿಗೆ ತುರುಕಿಕೊಂಡಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳನ್ನು ನಿಮ್ಮ ಮ್ಯಾನೇಜರ್ ಕ್ಲಾಸಿನ ಹೊರಗೆ ನಿಲ್ಲಿಸಿದ ಹುಡುಗಿಯಂತೆ ಮಾಡಿಬಿಟ್ಟರು.

ಅವರ ಮಾಹಿತಿಗೆ ಹೇಳುತ್ತೇನೆ. ಅಸ್ವಾನ್‌ನ ದೊಡ್ಡ ಅಣೆಕಟ್ಟು 1970ರಲ್ಲಿ ಮುಗಿಯಿತು. ಅಲ್ಲಿಂದೀಚೆಗೆ ಈಜಿಪ್ಟಿನ ಮೊಸಳೆಗಳು ಹೆಚ್ಚಾಗಿ ಅಣೆಕಟ್ಟಿನ ಆಚೆ, ನಾಸರ್ ಸರೋವರದಲ್ಲೇ ಇರುವುದು. ಕೋಮ್ ಓಂಬೋದಲ್ಲಿ ನಾವು ಕಂಡ ಮೊಸಳೆಗಳು ಮ್ಯೂಸಿಯಂನಲ್ಲಿದ್ದವು. ಸತ್ತು ಎರಡು ಸಾವಿರ ವರ್ಷ ಆಗಿದೆ, ಬಟ್ಟೆ ಸುತ್ತಿ ಗಾಜಿನೊಳಗೆ ಮಲಗಿಸಿದ್ದಾರೆ. ಅವು ನಮಗೆ ಏನೂ ತೊಂದರೆ ಕೊಡಲಿಲ್ಲ.

ಕಾರ್ಡ್ ಆಗಲೂ ಸಿಗಲಿಲ್ಲ. ಒಂದು ಹಾಳೆಗೆ ಸಹಿ ಹಾಕಬೇಕು ಅಂದರು. ಇಂಗ್ಲಿಷಿನಲ್ಲಿ ಎರಡು ಸಾಲು. ನಮ್ಮ ಸ್ವಂತ ಇಚ್ಛೆಯಿಂದ ಗೈಡ್ ಕಾರ್ಯಕ್ರಮದಿಂದ ಹೊರಗೆ ಬರುತ್ತಿದ್ದೇವೆ ಅಂತ. ಈ ಸಂಜೆಗೆ ಮಾತ್ರ ತಾನೇ ಅಂತ ನಾನು ಕೇಳಿದೆ. "ಫಾರ್ಮಾಲಿಟಿ ಆಂಟಿ, ಹಾಕಿ" ಅಂದರು. ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ "ಹೊತ್ತಾಯ್ತು ಸಾರ್" ಅಂದರು. ಹಾಕಿದೆವು.

ಇನ್ನು ನೀವು ಅಷ್ಟು ಹೆದರಿಸಿದ ಆ ದಾರಿ ಎಂಥದ್ದು ಗೊತ್ತಾ? ಹಡಗಿನಿಂದ ಇಳಿದರೆ ದೇವಸ್ಥಾನ ಕಣ್ಣೆದುರಿಗೇ ಕಾಣುತ್ತದೆ, ನದಿಯ ದಂಡೆಯ ಮೇಲೆಯೇ ಇದೆ. ನಿಮ್ಮ ಗುಂಪೂ ನಡೆದೇ ಬಂತು, ನಮ್ಮ ಹಿಂದಿನಿಂದ. ಅದು ಜೋಡಿ ದೇವಸ್ಥಾನ. ಒಂದು ಪಕ್ಕ ಮೊಸಳೆ ಮುಖದ ಸೊಬೆಕ್, ಇನ್ನೊಂದು ಪಕ್ಕ ಗಿಡುಗದ ಮುಖದ ಹೋರಸ್. ಇಬ್ಬರಿಗೂ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಗರ್ಭಗುಡಿ. ನೀರಿನ ಮಟ್ಟ ಅಳೆಯುತ್ತಿದ್ದ ಬಾವಿಯ ಹತ್ತಿರ ಅಕ್ಕ ಕುಳಿತುಕೊಂಡಳು. ಗುಂಪು ಬಂತು, ಫೋಟೋ ಹೊಡೆಯಿತು, ಹೋಯಿತು. ನಾವು ಮಾತ್ರ ಅವರಿಗಿಂತ ಮೊದಲೇ ಹಡಗಿಗೆ ವಾಪಸ್ ಬಂದಿದ್ದೆವು. ಬಿಟ್ಟು ಹೋಗುತ್ತೀರಿ ಅನ್ನುವ ಭಯದಲ್ಲಿ ಮ್ಯೂಸಿಯಂ ಅರ್ಧಕ್ಕೇ ಬಿಟ್ಟು ಬಂದದ್ದು. ನಿಮ್ಮ ಗುಂಪು ದಾರಿಯ ಅಂಗಡಿಗಳಲ್ಲಿ ಶಾಲು ಚೌಕಾಸಿ ಮಾಡಿಕೊಂಡು ತಡವಾಗಿ ಬಂತು. ಹಡಗು ಕಾಯಿತು! ಬಂದವರಿಗೆಲ್ಲ ದಾಸವಾಳದ ತಣ್ಣನೆ ಶರಬತ್ತು ಕೊಟ್ಟರು. ನಾವು ಹತ್ತಿದಾಗ ಆ ಟ್ರೇ ಇನ್ನೂ ಬಂದಿರಲಿಲ್ಲವಂತೆ. ಶರಬತ್ತಿಗಾಗಿ ನಾನು ಈ ಪತ್ರ ಬರೆಯುತ್ತಿಲ್ಲ. ಆದರೂ ಹೇಳಿದೆ.

ಆ ಸಹಿಯ ಗುಟ್ಟು ಗೊತ್ತಾದದ್ದು ರಾತ್ರಿ ಅಸ್ವಾನ್ ತಲುಪಿದ ಮೇಲೆ. ಅಬು ಸಿಂಬೆಲ್ ಬಸ್ಸಿನ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರಿಲ್ಲ. ಕೇಳಿದರೆ "ನೀವೇ ಗೈಡ್ ಕಾರ್ಯಕ್ರಮದಿಂದ ಹೊರಗೆ ಬಂದಿದ್ದೀರಲ್ಲ ಆಂಟಿ" ಅಂದರು. ಸೀಟು ಬೇಕಿದ್ದರೆ ಹೊಸದಾಗಿ ದುಡ್ಡು ಕೊಡಬೇಕು, ಅದೂ ಡಾಲರ್‌ನಲ್ಲಿ. ನಾವು ಊರಿನಲ್ಲೇ ಪೂರ್ತಿ ಹಣ ಕಟ್ಟಿ ಬಂದ ವಿಹಾರ ಅದು. ಸ್ವಂತವಾಗಿ ಹೋಗಿ ಅಂದರೆ ಹೋಗಲಾಗದ ಜಾಗವೂ ಅದೇ. ಅಸ್ವಾನ್‌ನಿಂದ ಸುಮಾರು 280 ಕಿ.ಮೀ., ಮರಳುಗಾಡಿನ ದಾರಿ, ಬೆಳಕು ಹರಿಯುವ ಮೊದಲೇ ಹೊರಡಬೇಕು. ರಾತ್ರಿ ಹತ್ತು ಗಂಟೆಗೆ ನಾವು ಎಲ್ಲಿಂದ ಕಾರು ತರುವುದು? ಅದು ನಿಮ್ಮ ಮ್ಯಾನೇಜರ್‌ಗೆ ಚೆನ್ನಾಗಿ ಗೊತ್ತಿತ್ತು.

ಇಡೀ ಪ್ರವಾಸಕ್ಕೆ ಅಕ್ಕ ಒಪ್ಪಿದ್ದೇ ಆ ದೇವಸ್ಥಾನಕ್ಕಾಗಿ. ಅಣೆಕಟ್ಟಿನ ನೀರಿನಲ್ಲಿ ಮುಳುಗದ ಹಾಗೆ 1964ರಿಂದ 1968ರವರೆಗೆ ಗುಡ್ಡದ ಗುಡಿಯನ್ನೇ ತುಂಡು ತುಂಡಾಗಿ ಕೊಯ್ದು 65 ಮೀಟರ್ ಮೇಲಕ್ಕೆ ಜೋಡಿಸಿದ್ದನ್ನು ಅವಳು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದಳು. ಆದ್ದರಿಂದ ಕೊಟ್ಟೆವು. ರಸೀದಿ ಕೇಳಿದೆ. "ಮೈಸೂರು ಆಫೀಸಿಂದ ಮೇಲ್ ಬರುತ್ತೆ" ಅಂದರು. ಬಸ್ಸಿನಲ್ಲಿ ನೋಡಿದರೆ ಹಿಂದಿನ ಸೀಟುಗಳು ಖಾಲಿ ಹೊಡೆಯುತ್ತಿದ್ದವು.

ಮೇಲ್ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಊರಿಗೆ ಬಂದ ಮೇಲೆ ನಿಮ್ಮ ಆಫೀಸಿಗೆ ಫೋನ್ ಮಾಡಿದರೆ ಪ್ರತಿ ಸಲ ಹೊಸ ಹುಡುಗಿ, ಪ್ರತಿ ಸಲ ಮೊದಲಿಂದ ಕಥೆ. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರು ಮಾತ್ರ ಉತ್ತರ ಅಂತ ಒಂದು ಕೊಟ್ಟರು. ಕೋಮ್ ಓಂಬೋ ಹಣ ವಾಪಸ್ ಬರಲ್ಲ, ಯಾಕೆಂದರೆ 'ವಾಹನ ವ್ಯವಸ್ಥೆ ಮೊದಲೇ ಮಾಡಲಾಗಿತ್ತು' ಅಂತೆ. ಯಾವ ವಾಹನ ಸ್ವಾಮಿ? ನಡೆದು ಹೋಗುವ ದೇವಸ್ಥಾನಕ್ಕೆ? ಆ ವಾಹನದ ಒಂದು ಫೋಟೋ ಕಳಿಸಿ, ನಾನು ಈ ದೂರು ಇಲ್ಲಿಗೇ ಬಿಡುತ್ತೇನೆ.

ನಾನು ಕೇಳುವುದು ಜಾಸ್ತಿ ಏನಲ್ಲ. ಲಕ್ಸರ್ ದೇವಸ್ಥಾನ ಮತ್ತು ಕೋಮ್ ಓಂಬೋ ವಿಹಾರದ ಹಣ, ನಿಮ್ಮದೇ ನಿಯಮದ ಪ್ರಕಾರ. ಅಬು ಸಿಂಬೆಲ್‌ಗೆ ಎರಡನೇ ಸಲ ತೆಗೆದುಕೊಂಡ ಡಾಲರ್, ಪೂರ್ತಿ. ಅಕ್ಕನ ಹೆಸರಿಗೆ ಒಂದು ಕ್ಷಮಾಪಣೆ ಪತ್ರ, ಆ ಮ್ಯಾನೇಜರ್ ಕೈಯಿಂದಲೇ, ಕನ್ನಡದಲ್ಲಿ. ಅದರಲ್ಲಿ 'ಆಂಟಿ' ಇರಬಾರದು, 'ಅಜ್ಜಿ'ಯೂ ಇರಬಾರದು. ಕೂಪನ್ ಈ ಪತ್ರದ ಜೊತೆಗೇ ವಾಪಸ್ ಕಳಿಸಿದ್ದೇನೆ.

ಈ ಪತ್ರ ಮುಟ್ಟಿದ ಹದಿನೈದು ದಿನದೊಳಗೆ ಹಣ ಬರದಿದ್ದರೆ ನಾನು ಇನ್ನು ನಿಮ್ಮ ಆಫೀಸಿಗೆ ಫೋನ್ ಮಾಡುವುದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದೂರು ಕೊಡುವವರು ತಾವು ವಾಸ ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ನಮ್ಮಿಬ್ಬರದು ಅದರೊಳಗೇ ಇದೆ. ವಕೀಲರನ್ನು ಇಡಲೇಬೇಕು ಅಂತಿಲ್ಲ, ಅಕ್ಕನ ನೋಟ್‌ಬುಕ್ ಸಾಕು. ಅದರಲ್ಲಿ ದಿನ, ಹೊತ್ತು, ಯಾರು ಏನಂದರು, ಎಲ್ಲ ಇದೆ. ಜಿಲ್ಲಾ ಗ್ರಾಹಕ ಆಯೋಗ ಮಡಿಕೇರಿಯಲ್ಲೇ ಇದೆ, ಪೇಟೆಗೆ ತರಕಾರಿಗೆ ಹೋದಾಗ ಹೋಗಿ ಬರುತ್ತೇನೆ. ಓಡಾಡಬೇಕಾದವರು ನೀವು.

ಇನ್ನೊಂದು ಮಾತು. ನಮ್ಮ ಹೋಂಸ್ಟೇಗೆ ವಾರ ವಾರ ಬೆಂಗಳೂರಿನವರು ಬರುತ್ತಾರೆ. ಸಂಜೆ ಕಾಫಿ ಹೊತ್ತಿಗೆ ಮಾತು ವಿದೇಶ ಪ್ರವಾಸಕ್ಕೆ ಬಂದೇ ಬರುತ್ತದೆ. ಯಾವ ಕಂಪನಿ ಒಳ್ಳೇದು ಅಂತ ಕೇಳುತ್ತಾರೆ. ಇಲ್ಲಿವರೆಗೆ ನಿಮ್ಮ ಹೆಸರು ಎತ್ತಿಲ್ಲ. ಹದಿನಾರನೇ ದಿನದಿಂದ ಎತ್ತುತ್ತೇನೆ. ಮೈಕು ನನ್ನ ಹತ್ತಿರ ಇಲ್ಲ, ಆದರೆ ಜಗಲಿ ಮೇಲೆ ಕೂತು ಹೇಳಿದರೆ ಎಲ್ಲರಿಗೂ ಚೆನ್ನಾಗಿಯೇ ಕೇಳಿಸುತ್ತದೆ.

ಇಂತಿ,
ನಿಮ್ಮ ರಿಜಿಸ್ಟರ್‌ನಲ್ಲಿ ಟಿಕ್ ಹಾಕಿದ ಕೋಣೆಯವರು,
ಮಡಿಕೇರಿ