ಇನ್ನು ಕಾಶಾನ್ ಎಂದು ಬರೆದರೆ ಅದು ಕಾಶಾನಿನದ್ದೇ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯ ಪ್ರತಿ ರತ್ನಗಂಬಳಿಯ ಹಿಂಬದಿಗೆ ಹೊಲಿಯುವ ಚೀಟಿ ಬದಲಾಗುತ್ತಿದೆ. ಇಷ್ಟು ವರ್ಷ ಅದರ ಮೇಲೆ ವಿನ್ಯಾಸದ ಹೆಸರು ಇರುತ್ತಿತ್ತು: ಕಾಶಾನ್, ತಬ್ರೀಜ್, ಹೆರೀಜ್, ನಾಯಿನ್. ಇವೆಲ್ಲ ಇರಾನಿನ ಊರುಗಳ ಹೆಸರು. ಇನ್ನು ಮೊದಲ ಸಾಲಿನಲ್ಲಿ, ಅದನ್ನು ಗಂಟು ಗಂಟಾಗಿ ಕೈಯಲ್ಲಿ ಕಟ್ಟಿದ ಊರಿನ ಹೆಸರು ಇರುತ್ತದೆ. ಕಾಶಾನ್ ವಿನ್ಯಾಸವನ್ನು ಭದೋಹಿಯಲ್ಲಿ ಕಟ್ಟಿದ್ದರೆ ‘ಭದೋಹಿ, ಉತ್ತರ ಪ್ರದೇಶ’ ಎಂದೇ ಬರೆಯುತ್ತೇವೆ. ಶ್ರೀನಗರದಲ್ಲಿ ಕಟ್ಟಿದ್ದರೆ ಶ್ರೀನಗರ. ಇರಾನಿನ ಮಗ್ಗದಿಂದ ಇಳಿದದ್ದಕ್ಕೆ ಮಾತ್ರ ಪರ್ಷಿಯನ್ ಎಂಬ ಪದ.

ಇದೇ ಹೊತ್ತಿಗೆ ಇರಾನಿನಿಂದ ಬಂದ ಕಾರ್ಪೆಟ್‌ಗಳ ಬೆಲೆ ನೂರಕ್ಕೆ ಹದಿನೈದರಷ್ಟು ಏರುತ್ತಿದೆ. ಎರಡೂ ಸುದ್ದಿ ಒಟ್ಟಿಗೆ ಬಂದದ್ದರಿಂದ, ಬೆಲೆ ಏರಿಸಲು ಚೀಟಿಯ ನೆಪ ಮಾಡಿಕೊಂಡಿದ್ದೇವೆ ಎಂದು ಕೆಲವರು ಹೇಳಿದ್ದಾರೆ. ಆ ಮಾತು ಕೇಳಿ ನಿಜಕ್ಕೂ ನೋವಾಗಿದೆ. ಅದಕ್ಕೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಚೀಟಿ ಬದಲಾಗಲು ಕಾರಣ ಒಂದು ಮಧ್ಯಾಹ್ನ. ಮಲ್ಲೇಶ್ವರದ ಹಿರಿಯ ಗ್ರಾಹಕರೊಬ್ಬರು ಮಗಳ ಮದುವೆಗೆಂದು ನಮ್ಮಲ್ಲಿ ಕೊಂಡಿದ್ದ ಕೆಂಪು ಕಾರ್ಪೆಟ್ಟನ್ನು ಆಟೋದಲ್ಲಿ ಹೊತ್ತು ತಂದರು. ಬೇರೆ ಯಾರೋ ಅದನ್ನು ನೋಡಿ, ಇದು ಇರಾನಿನದ್ದಲ್ಲ ಎಂದಿದ್ದರಂತೆ. ಅವರು ಅದನ್ನು ನೆಲದ ಮೇಲೆ ಬಿಡಿಸಿ, ಅದರ ಮೇಲೆ ನಮ್ಮ ಹಳೆಯ ಬಿಲ್ಲನ್ನು ಇಟ್ಟರು. ನಾನು ಮೂಲೆ ತಿರುವಿ ಸ್ಕೇಲ್ ಹಿಡಿದೆ. ಅಂಗುಲಕ್ಕೆ ಅಡ್ಡ ಒಂಬತ್ತು ಗಂಟು, ಉದ್ದ ಒಂಬತ್ತು, ಅಂದರೆ ಚದರ ಅಂಗುಲಕ್ಕೆ 81. ಒಳ್ಳೆಯ ಕಾಶಾನ್ ಆಗಿದ್ದರೆ ಇದು 200 ದಾಟುವುದು ಸಾಮಾನ್ಯ. ಕಾಶಾನಿನವರು ಹೊಕ್ಕಿಗೆ, ಅಂದರೆ ಗಂಟಿನ ಸಾಲುಗಳ ನಡುವೆ ಅಡ್ಡ ಹಾಯಿಸುವ ನೂಲಿಗೆ, ಎಷ್ಟೋ ಕಾರ್ಪೆಟ್‌ಗಳಲ್ಲಿ ನೀಲಿ ಹತ್ತಿ ನೂಲು ಬಳಸುತ್ತಾರೆ, ಇಲ್ಲಿದ್ದದ್ದು ಬಿಳಿ. ಭದೋಹಿಯ ಸೊಗಸಾದ ಕೆಲಸ ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

“ವಿನ್ಯಾಸ ಕಾಶಾನಿನದ್ದು ಅಮ್ಮ,” ಎಂದೆ.

“ಬಿಲ್ಲಿನಲ್ಲಿ ವಿನ್ಯಾಸ ಎಂಬ ಪದ ಇಲ್ಲವಲ್ಲಪ್ಪ,” ಎಂದರು.

ಇರಲಿಲ್ಲ. ‘ಕಾಶಾನ್, 6 × 9’ ಎಂದಷ್ಟೇ ಇತ್ತು, ನನ್ನದೇ ಕೈಬರಹದಲ್ಲಿ. ಅವರಲ್ಲಿ ಆಗಲೇ ಕ್ಷಮೆ ಕೇಳಿದೆ. ಈಗ ನಿಮ್ಮೆಲ್ಲರಲ್ಲಿ ಕೇಳುತ್ತಿದ್ದೇನೆ.

ಆ ದಿನದಿಂದ ಒಂದೇ ಪ್ರಶ್ನೆ ಫೋನಿನಲ್ಲಿ, ಅಂಗಡಿಯಲ್ಲಿ, ಮದುವೆ ಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಿದೆ: “ಹಾಗಾದರೆ ಇಷ್ಟು ವರ್ಷ ನಮಗೆ ಡೂಪ್ಲಿಕೇಟ್ ಮಾರಿದಿರಾ?”

ಇಲ್ಲ. ಹೆಸರು ಬರೆಯುವುದರಲ್ಲಿ ತಪ್ಪಿದ್ದೇವೆ, ಆದರೆ ಡೂಪ್ಲಿಕೇಟ್ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಿಮ್ಮ ಮನೆಯಲ್ಲಿರುವುದನ್ನು ನೀವೇ ಪರೀಕ್ಷಿಸಿ ನೋಡಿ. ತುದಿಯ ಕುಚ್ಚನ್ನು ಹಿಡಿದು ಅದು ಎಲ್ಲಿಂದ ಹೊರಟಿದೆ ಎಂದು ಗಮನಿಸಿ. ಯಂತ್ರದ ಕಾರ್ಪೆಟ್‌ಗಳಲ್ಲಿ ಕುಚ್ಚನ್ನು ಸಾಮಾನ್ಯವಾಗಿ ಆಮೇಲೆ ಅಂಚಿಗೆ ಹೊಲಿದಿರುತ್ತಾರೆ. ನಿಮ್ಮದರಲ್ಲಿ ಅದು ಹಾಸಿನ ನೂಲೇ. ಇಡೀ ಕಾರ್ಪೆಟ್ಟಿನ ಉದ್ದಕ್ಕೂ ಓಡಿ ಬಂದು ಹೊರಗೆ ಚಾಚಿದೆ. ಇನ್ನು ಬೆರಳಿನಿಂದ ಉಣ್ಣೆಯನ್ನು ಬಗಿದು ಬುಡ ನೋಡಿ. ಪ್ರತಿ ಎಳೆಯೂ ಎರಡು ಹಾಸಿನ ನೂಲಿಗೆ ಸುತ್ತಿಕೊಂಡಿರುವುದು ಕಾಣುತ್ತದೆ. ಆ ಒಂದೊಂದು ಸುತ್ತನ್ನೂ ಒಬ್ಬ ಮನುಷ್ಯ ಕೂತು ಕಟ್ಟಿದ್ದಾನೆ ಅಥವಾ ಕಟ್ಟಿದ್ದಾಳೆ.

ಲೆಕ್ಕ ಹಾಕೋಣ. ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಕಾರ್ಪೆಟ್ ಎಂದರೆ 3,456 ಚದರ ಅಂಗುಲ. ಚದರ ಅಂಗುಲಕ್ಕೆ 200 ಗಂಟಿನಂತೆ 6,91,200 ಗಂಟು. ನುರಿತ ಕೈ ದಿನಕ್ಕೆ ಏಳೆಂಟು ಸಾವಿರ ಗಂಟು ಕಟ್ಟಿದರೂ ಮೂರು ತಿಂಗಳ ದುಡಿಮೆ. ಮೊಬೈಲಿನಲ್ಲಿ ಆರು ಸಾವಿರ ರೂಪಾಯಿಗೆ ಬರುವ ‘ಪರ್ಷಿಯನ್ ಕಾರ್ಪೆಟ್’ ತೋರಿಸಿ ನಮ್ಮ ಬೆಲೆಯನ್ನು ಪ್ರಶ್ನಿಸುವವರು ದಯವಿಟ್ಟು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಅದು ಯಂತ್ರದಲ್ಲಿ ನೇಯ್ದ ಪ್ಲಾಸ್ಟಿಕ್ ನೂಲು. ಅದನ್ನು ಮಾರುವುದು ತಪ್ಪಲ್ಲ, ನಮ್ಮ ಕಾರ್ಪೆಟ್ಟಿನ ಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಲ್ಲ.

ವಿನ್ಯಾಸದ ಹೆಸರಿಟ್ಟು ಕರೆಯುವ ರೂಢಿಯನ್ನು ನಾವು ಹುಟ್ಟುಹಾಕಿದ್ದಲ್ಲ. ಈ ವ್ಯಾಪಾರದಲ್ಲಿ ಅದು ತಲೆಮಾರುಗಳಿಂದ ಇದೆ. ‘ಬುಖಾರಾ’ ಎಂದು ಹೆಸರಾದದ್ದು ತುರ್ಕ್‌ಮೆನ್ ಬುಡಕಟ್ಟಿನವರ ನೇಯ್ಗೆ. ಬುಖಾರಾ ಅದು ಮಾರಾಟವಾಗುತ್ತಿದ್ದ ಪೇಟೆ. ಗಂಟಿನ ಹೆಸರೇ ಗೊಂದಲ: ಗಂಟು ಕಟ್ಟುವ ಎರಡು ಮುಖ್ಯ ಬಗೆಗಳಲ್ಲಿ ಒಂದಾದ ಪರ್ಷಿಯನ್ ಗಂಟನ್ನು ‘ಸೆನ್ನೆ ಗಂಟು’ ಎನ್ನುತ್ತಾರೆ, ಆದರೆ ಸೆನ್ನೆ ಊರಿನವರು, ಅಂದರೆ ಈಗಿನ ಸನಂದಜ್‌ನವರು, ಕಟ್ಟುವುದು ಇನ್ನೊಂದು ಬಗೆಯಾದ ತುರ್ಕಿ ಗಂಟು. ಜಗತ್ತಿನ ಅತ್ಯಂತ ಪ್ರಸಿದ್ಧ ಕಾರ್ಪೆಟ್ಟಿನ ಕಥೆಯೂ ಅದೇ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ 1893ರಲ್ಲಿ ಎರಡು ಸಾವಿರ ಪೌಂಡ್ ಕೊಟ್ಟು ಕೊಂಡ ಅರ್ದಬೀಲ್ ಕಾರ್ಪೆಟ್ಟಿನ ಹೆಸರು ಬಂದದ್ದು ಅದು ಹಾಸಿದ್ದ, ಸೂಫಿ ಸಂತ ಶೇಖ್ ಸಫಿಯ ದರ್ಗಾ ಇರುವ ಇರಾನಿನ ಊರಿನಿಂದ. ಅದರಲ್ಲೇ ನೇಯ್ದಿರುವ ಹೆಸರು ಮಕ್ಸೂದ್ ಕಾಶಾನಿ, ಅಂದರೆ ಕಾಶಾನಿನ ಮಕ್ಸೂದ್; ಇಸವಿ ಹಿಜರಿ 946, ಅಂದರೆ ಕ್ರಿ.ಶ. 1539–40. ಎಲ್ಲಿ ನೇಯ್ದರು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ರೂಢಿ ಹೀಗಿದೆ ಎಂದು ಹೇಳಬಹುದು, ಹೇಳಿ ಸುಮ್ಮನಾಗಬಹುದು. ಆದರೆ ಬಿಲ್ಲು ಕೈಗೆ ತೆಗೆದುಕೊಳ್ಳುವವರಿಗೆ ವ್ಯಾಪಾರದ ರೂಢಿ ಗೊತ್ತಿರಬೇಕೆಂದೇನಿಲ್ಲ. ಓದಿದ್ದನ್ನು ನಂಬುತ್ತಾರೆ. ಅಷ್ಟೇ ಅಲ್ಲ, ನಾವು ಹೆಸರು ಅಳಿಸಿದ್ದು ಭದೋಹಿಯ ನೇಕಾರನದ್ದು. ಭದೋಹಿಯ ಕೈಮಗ್ಗದ ಕಾರ್ಪೆಟ್‌ಗೆ 2010ರಲ್ಲಿ ಭೌಗೋಳಿಕ ಗುರುತು (ಜಿಐ), ಅಂದರೆ ಆ ಊರಿನ ಸರಕಿಗೆ ಮಾತ್ರ ಆ ಹೆಸರು ಸಲ್ಲುತ್ತದೆ ಎಂಬ ಮಾನ್ಯತೆ, ಸಿಕ್ಕಿದೆ. ನವಲಗುಂದದ ಜಮಖಾನೆಗೂ ಅಂಥದೇ ಮಾನ್ಯತೆ ಇದೆ. ಅಲ್ಲಿಯ ಹೆಂಗಸರು ನೇಯ್ದ ಜಮಖಾನೆಯನ್ನು ಯಾರಾದರೂ ಬೇರೆ ಊರಿನ ಹೆಸರಿನಲ್ಲಿ ಮಾರಿದರೆ ನಾನೇ ಮೊದಲು ಸಿಟ್ಟಾಗುತ್ತಿದ್ದೆ. ಅದೇ ಕೆಲಸವನ್ನು ನಾನು ಇನ್ನೊಬ್ಬರಿಗೆ ಮಾಡುತ್ತಾ ಬಂದಿದ್ದೆ ಎಂಬುದು ಆ ಮಧ್ಯಾಹ್ನದವರೆಗೆ ಹೊಳೆದಿರಲಿಲ್ಲ.

ಊರಿನ ಹೆಸರಿಗೆ ಇಷ್ಟು ಮಹತ್ವ ಏಕೆ ಎಂದು ಕೇಳುವವರಿಗೆ: ವಿನ್ಯಾಸವನ್ನು ಎಲ್ಲಿ ಬೇಕಾದರೂ ನಕಲು ಮಾಡಬಹುದು, ಮೈಕಟ್ಟನ್ನು ಮಾಡಲಾಗುವುದಿಲ್ಲ. ಬಿಜಾರ್ ನೋಡಿ. ಇರಾನಿನ ಕುರ್ದಿಸ್ತಾನ ಪ್ರಾಂತ್ಯದ ಆ ಊರಿನಲ್ಲಿ ಹೊಕ್ಕಿನ ನೂಲನ್ನು ಭಾರದ ಲೋಹದ ಹಣಿಗೆಯಿಂದ ಬಡಿದು ಬಡಿದು ಕೂರಿಸುತ್ತಾರೆ. ಕೊನೆಗೆ ಅದು ಹಲಗೆಯಷ್ಟು ಬಿರುಸಾಗುತ್ತದೆ. ವ್ಯಾಪಾರಿಗಳು ಕಬ್ಬಿಣದ ಕಾರ್ಪೆಟ್ ಎನ್ನುವುದು ಇದಕ್ಕೇ. ಮಡಿಸಿದರೆ ಒಳಗಿನ ಹಾಸು ಮುರಿಯುವ ಅಪಾಯವಿದೆ. ಅದೇ ಹೂವಿನ ನಕ್ಷೆಯನ್ನು ಬೇರೆಡೆ ಕಟ್ಟಿದರೆ ಹೂವು ಬರುತ್ತದೆ, ಆ ಗಟ್ಟಿತನ ಬರುವುದಿಲ್ಲ.

ಹೆರೀಜ್ ನನಗೆ ಬಹಳ ಇಷ್ಟ. ಗಂಟು ದಪ್ಪ, ಗೆರೆ ನೇರ. ಬಳುಕುವ ಬಳ್ಳಿಯನ್ನು ಅವರು ಕೋನ ಕೋನವಾಗಿ ಮುರಿದು ಕಟ್ಟುತ್ತಾರೆ, ನಡುವಿನ ದೊಡ್ಡ ಪದಕದಾಕೃತಿಯೂ ಹಾಗೆಯೇ ಚೂಪಾಗಿ ನಿಲ್ಲುತ್ತದೆ. ಮಕ್ಕಳಿರುವ ಮನೆಗೆ, ಹತ್ತು ಜನ ಬಂದು ಹೋಗುವ ನಡುಮನೆಗೆ ನಾನು ಯಾವಾಗಲೂ ಹೇಳುವುದು ಹೆರೀಜ್, ಇಲ್ಲವೇ ಹಮದಾನಿನ ಹಳ್ಳಿಗಳದ್ದು. ಗಂಟಿನ ಸಂಖ್ಯೆ ಕಡಿಮೆ ಎಂದು ಅದನ್ನು ಬದಿಗೆ ಸರಿಸಬೇಡಿ. ಇರಾನಿನ ಖುಮ್ ಊರಿನ ರೇಷ್ಮೆ ಕಾರ್ಪೆಟ್ಟನ್ನು ಊಟದ ಮೇಜಿನ ಕೆಳಗೆ ಹಾಸುತ್ತೇವೆ ಎಂದವರಿಗೆ ಬೇಡವೆಂದು ಹೇಳಿ ಎಷ್ಟೋ ವ್ಯಾಪಾರ ಕಳೆದುಕೊಂಡಿದ್ದೇನೆ, ಮುಂದೆಯೂ ಹಾಗೆಯೇ ಹೇಳುತ್ತೇನೆ.

ಸಂಖ್ಯೆಗಳ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಹೊಸ ಚೀಟಿಯಲ್ಲಿ ಅವೂ ಇರುತ್ತವೆ. ನಾಯಿನ್‌ನಲ್ಲಿ ಹಾಸಿನ ನೂಲು ಎಷ್ಟು ಎಳೆಯದ್ದು ಎಂಬುದನ್ನು ‘ಲಾ’ ಎನ್ನುತ್ತಾರೆ. ಒಂಬತ್ತು ಲಾಗಿಂತ ಆರು ಲಾ ನವಿರು, ನಾಲ್ಕು ಲಾ ಇನ್ನೂ ನವಿರು. ತಬ್ರೀಜ್‌ನಲ್ಲಿ ಇದು ತಿರುಗುಮುರುಗು: ಅಲ್ಲಿ ಸುಮಾರು ಏಳು ಸೆಂಟಿಮೀಟರಿನಲ್ಲಿರುವ ಗಂಟುಗಳ ಎಣಿಕೆ ‘ರಜ್’, ಆದ್ದರಿಂದ 50 ರಜ್‌ಗಿಂತ 60 ರಜ್ ಮೇಲು. ಗಬ್ಬೆ ಎಂಬ ದಪ್ಪ ಎಳೆಯ ಕಾರ್ಪೆಟ್ಟಿನಲ್ಲಿ ಇಂಥ ಎಣಿಕೆ ಬೇಕೇ ಇಲ್ಲ. ಇರಾನಿನ ಫಾರ್ಸ್ ಪ್ರಾಂತ್ಯದ ಅಲೆಮಾರಿ ಹೆಂಗಸರು ಎದುರಿಗೆ ನಕ್ಷೆಯಿಲ್ಲದೆ, ಮನಸ್ಸಿನಲ್ಲಿದ್ದದ್ದನ್ನೇ ಕಟ್ಟುತ್ತಾರೆ. ಫಾರ್ಸ್ ಮತ್ತು ಕಾಶಾನಿನ ನೇಯ್ಗೆಯ ಕೌಶಲವನ್ನು ಯುನೆಸ್ಕೊ 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. “ಇದರ ಜೋಡಿ ತರಿಸಿಕೊಡಿ” ಎಂದು ಗಬ್ಬೆ ತೋರಿಸಿ ಕೇಳುವವರಿಗೆ ನಾವು ಇಲ್ಲ ಎನ್ನುವುದು ಸೋಮಾರಿತನದಿಂದಲ್ಲ. ಅದಕ್ಕೆ ಜೋಡಿ ಹುಟ್ಟಿಯೇ ಇಲ್ಲ.

ಈಗ ಬೆಲೆ. “ಅಮೆರಿಕ ಇರಾನಿನ ಕಾರ್ಪೆಟ್ ಕೊಳ್ಳುವುದನ್ನು ನಿಲ್ಲಿಸಿದೆಯಲ್ಲ, ನಮಗೆ ಅಗ್ಗವಾಗಬೇಕಿತ್ತು” ಎಂದು ಓದಿಕೊಂಡ ಗ್ರಾಹಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2016ರಲ್ಲಿ ತೆರೆದ ಆ ಮಾರುಕಟ್ಟೆ 2018ರಲ್ಲಿ ಮತ್ತೆ ಮುಚ್ಚಿತು, ನಿಜ. ಆದರೆ ಇರಾನಿನ ಮೇಲೆ ಅಮೆರಿಕ ಹಾಕಿದ ಅದೇ ನಿರ್ಬಂಧ ಹಣ ಹೋಗುವ ದಾರಿಯನ್ನೂ ಮುಚ್ಚಿದೆ. ಇರಾನಿನ ಹೆಸರು ಕಂಡರೆ ನಮ್ಮ ಬ್ಯಾಂಕ್ ಕಾಗದವನ್ನು ಮುಟ್ಟುವುದಿಲ್ಲ. ಹಾಗಾಗಿ ದುಬೈನ ವ್ಯಾಪಾರಿಯಿಂದ ಕೊಳ್ಳುತ್ತೇವೆ. ಅವರ ಲಾಭ ಒಂದು, ಗೋದಾಮಿನ ಬಾಡಿಗೆ ಒಂದು, ಹಡಗಿನ ಬಾಡಿಗೆ, ವಿಮೆ, ಸುಂಕ, ಮೇಲೆ ಡಾಲರಿನ ದರ. ಇಷ್ಟರಲ್ಲಿ ಯಾವುದೂ ನಮ್ಮ ಜೇಬಿಗೆ ಬರುವುದಿಲ್ಲ, ಆದರೆ ಬೆಲೆ ಕೇಳಿದವರು ನೋಡುವುದು ನಮ್ಮ ಮುಖವನ್ನು. ಕೊಳ್ಳುವವರು ಕಡಿಮೆಯಾದರೆ ಸರಕು ಅಗ್ಗವಾಗುವ ಮೊದಲು ಮಗ್ಗ ಖಾಲಿಯಾಗುತ್ತದೆ. ನೇಯುವವರು ಬೇರೆ ಕೂಲಿ ಹುಡುಕಿಕೊಂಡು ಹೋಗುತ್ತಾರೆ, ಮಕ್ಕಳಿಗೆ ಕಲಿಸುವುದಿಲ್ಲ. ಒಳ್ಳೆಯ ಹೊಸ ಕಾಶಾನ್ ಹುಡುಕುವುದು ಪ್ರತಿ ವರ್ಷ ಕಷ್ಟವಾಗುತ್ತಿದೆ.

ಭದೋಹಿ ಮತ್ತು ಕಾಶ್ಮೀರದ ಕಾರ್ಪೆಟ್‌ಗಳ ಬೆಲೆ ಒಂದು ರೂಪಾಯಿಯೂ ಏರುತ್ತಿಲ್ಲ. ಚೀಟಿ ಬದಲಾಗುವುದು ಹೆಚ್ಚಾಗಿ ಅವುಗಳದ್ದೇ. ನೆಪ ಎಂದವರು ಇದನ್ನೊಮ್ಮೆ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಚೀಟಿಯಲ್ಲಿ ಊರಿನ ಕೆಳಗೆ ಗಂಟಿನ ಬಗೆ, ನಾವೇ ಹಿಂಬದಿಯಲ್ಲಿ ಎಣಿಸಿದ ಸಂಖ್ಯೆ, ಹಾಸು ಯಾವ ನೂಲು, ಮೇಲಿನ ಎಳೆ ಯಾವುದು ಎಂದಿರುತ್ತದೆ. ‘ಬಿದಿರು ರೇಷ್ಮೆ’ ಎಂದು ಪೇಟೆಯಲ್ಲಿ ಕರೆಯುವುದನ್ನು ನಾವು ವಿಸ್ಕೋಸ್ ಎಂದೇ ಬರೆಯುತ್ತೇವೆ, ಏಕೆಂದರೆ ಅದು ರೇಷ್ಮೆಯಲ್ಲ. ಬಣ್ಣ ಗಿಡಮೂಲದ್ದೋ ರಾಸಾಯನಿಕವೋ ನಮಗೆ ಖಚಿತವಿಲ್ಲದಿದ್ದರೆ ‘ತಿಳಿದಿಲ್ಲ’ ಎಂದು ಬರೆಯುತ್ತೇವೆ. ಆ ಪದ ಹಲವು ಚೀಟಿಗಳಲ್ಲಿ ಕಾಣುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ.

ನಮ್ಮಿಂದ ಕೊಂಡ ಯಾವುದೇ ಕಾರ್ಪೆಟ್ಟನ್ನು, ಎಷ್ಟೇ ಹಳೆಯದಾಗಿರಲಿ, ತನ್ನಿ. ಬಿಲ್ಲಿಲ್ಲದಿದ್ದರೂ ಸರಿ. ನಿಮ್ಮೆದುರಿಗೇ ಎಣಿಸಿ ಹೊಸ ಚೀಟಿ ಹೊಲಿದು ಕೊಡುತ್ತೇವೆ, ಹಣ ಬೇಡ. ಭದೋಹಿಯದ್ದಕ್ಕೆ ಇರಾನಿನ ಬೆಲೆಯನ್ನು ನಾವು ಎಂದೂ ತೆಗೆದುಕೊಂಡಿಲ್ಲ. ನನ್ನ ಮಾತನ್ನು ನಂಬಿಬಿಡಿ ಎಂದು ಈಗ ಕೇಳುವ ಹಕ್ಕು ನನಗಿಲ್ಲ, ಆದ್ದರಿಂದ ಆ ವರ್ಷದ ಖರೀದಿ ಪುಸ್ತಕವನ್ನು ನಿಮ್ಮ ಮುಂದೆ ತೆರೆದಿಡುತ್ತೇವೆ. ಹೆಚ್ಚು ತೆಗೆದುಕೊಂಡದ್ದು ಕಂಡರೆ ಆ ಹಣ ಅಂದೇ ನಿಮ್ಮ ಕೈಗೆ. ಹೆಸರೇ ಮನಸ್ಸಿಗೆ ಚುಚ್ಚುತ್ತಿದೆ, ಬೇಡ ಎನ್ನುವವರಿಂದ ವಾಪಸು ಪಡೆದು, ಕೊಟ್ಟ ಮೊತ್ತವನ್ನು ಬೇರೊಂದರ ಬೆಲೆಯಲ್ಲಿ ಕಳೆಯುತ್ತೇವೆ. ಮಲ್ಲೇಶ್ವರದ ಅಮ್ಮನಿಗೂ ಇದನ್ನೇ ಹೇಳಿದೆ. ಅವರು ಹಿಂದಿರುಗಿಸಲಿಲ್ಲ. ಹೊಸ ಚೀಟಿ ಹೊಲಿಸಿಕೊಂಡು, ಅದೇ ಆಟೋದಲ್ಲಿ ಮನೆಗೆ ಒಯ್ದರು.

ತೊಳೆಯುವ ದರ, ಮೂರು ದಿನ ಮನೆಯಲ್ಲಿ ಹಾಸಿ ನೋಡುವ ಅವಕಾಶ ಹಾಗೆಯೇ ಇರುತ್ತವೆ. ರಫೂ ಕೆಲಸಕ್ಕೆ ಚಾಚಾ ಮೊದಲಿನಂತೆ ಮಹಡಿಯ ಮೇಲೇ ಕೂತಿರುತ್ತಾರೆ; ಈ ತಿಂಗಳು ಗಂಟು ಎಣಿಸಲು ಅವರೂ ನನ್ನ ಜೊತೆಗಿರುತ್ತಾರೆ. ಭಾನುವಾರವೂ ಅಂಗಡಿ ತೆರೆದಿರುತ್ತದೆ. ತರುವ ಮೊದಲು ಒಂದು ಫೋನ್ ಮಾಡಿದರೆ ನಾನೇ ಇರುತ್ತೇನೆ. ಬಿಜಾರ್ ತರುವವರು ದಯವಿಟ್ಟು ಮಡಿಸಬೇಡಿ, ಸುತ್ತಿ ತನ್ನಿ. ಆಟೋದಲ್ಲಿ ಹಿಡಿಸದಿದ್ದರೆ ನಮ್ಮ ಹುಡುಗನನ್ನು ಗಾಡಿಯೊಂದಿಗೆ ಕಳಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಅಂಗಡಿಯ ಪರವಾಗಿ