ಆ್ಯಪ್‌ನ ಮೋಸದ ಪರದೆ: ಜಿಲ್ಲಾಧಿಕಾರಿಗೂ ದೂರು ಕೊಡಬಹುದು

ಮಾನ್ಯ ಸಂಪಾದಕರೇ,

ಅಪರಿಚಿತ ಲಿಂಕ್ ಒತ್ತಬೇಡಿ, ಒಟಿಪಿ ಹೇಳಬೇಡಿ, ಹಣ ಹೋದರೆ 1930ಕ್ಕೆ ಕರೆ ಮಾಡಿ ಎಂಬ ಎಚ್ಚರಿಕೆ ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಈಗ ಬಾಯಿಪಾಠವಾಗಿದೆ. ಅದು ಹೊರಗಿನ ಕಳ್ಳರ ಮಾತಾಯಿತು. ಪ್ಲೇ ಸ್ಟೋರ್‌ನಿಂದಲೇ ಇಳಿಸಿಕೊಂಡ ಸಾಮಾಜಿಕ ಜಾಲತಾಣದ ಆ್ಯಪ್ ತನ್ನ ಪರದೆಯ ಜೋಡಣೆಯಿಂದಲೇ ನಮ್ಮ ಒಪ್ಪಿಗೆ ಕಿತ್ತುಕೊಳ್ಳುವುದರ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ಇದಕ್ಕೆ ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ.

ಫೋನ್‌ನಲ್ಲಿರುವ ನಂಬರುಗಳನ್ನು ಕೇಳುವ ಪರದೆಯನ್ನೇ ನೋಡಿ. ‘ಗೆಳೆಯರನ್ನು ಹುಡುಕಿ’ ಎಂಬ ಶೀರ್ಷಿಕೆ, ನಗುವ ಮುಖಗಳ ಚಿತ್ರ, ಅದರಡಿ ಪರದೆಯಗಲದ ನೀಲಿ ಗುಂಡಿ. ಬೇಡವೆನ್ನುವ ದಾರಿ ಮೂಲೆಯಲ್ಲಿ ತೆಳು ಬೂದು ಅಕ್ಷರದಲ್ಲಿ ಇರುತ್ತದೆ, ಅದೂ ಸದ್ಯಕ್ಕೆ ಮುಂದೂಡುವ ದಾರಿಯಷ್ಟೆ. ಕೆಲವು ದಿನ ಬಿಟ್ಟು ಅದೇ ಪರದೆ ಮತ್ತೆ ಬರುತ್ತದೆ. ಬೇಸತ್ತು ಒಮ್ಮೆ ಒತ್ತಿದರೆ ಮುಗಿಯಿತು, ನಿಮ್ಮ ಫೋನ್‌ನಲ್ಲಿರುವ ವೈದ್ಯರು, ನೆಂಟರು, ಅಡಿಕೆ ಮಂಡಿಯವರ ನಂಬರೆಲ್ಲ ಕಂಪನಿಯ ಸರ್ವರ್ ಸೇರುತ್ತವೆ. ಅವರನ್ನು ಯಾರೂ ಕೇಳಿರುವುದಿಲ್ಲ. ಇದರಲ್ಲಿ ಎರಡು ತಂತ್ರಗಳಿವೆ: ಗುಂಡಿಗಳ ಬಣ್ಣ, ಗಾತ್ರದಿಂದ ದಾರಿ ತಪ್ಪಿಸುವುದು ಒಂದು, ಬಿಡದೆ ಪೀಡಿಸುವುದು ಇನ್ನೊಂದು. ಎರಡೂ ಮಾರ್ಗಸೂಚಿಯ ಪಟ್ಟಿಯಲ್ಲಿವೆ.

ಇದನ್ನು ತಡೆಯಲು ಹೋದವರು ಅರ್ಧಕ್ಕೇ ನಿಲ್ಲುವುದು ಹೆಚ್ಚು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ನಲ್ಲಿ ಆ ಆ್ಯಪ್ ಆರಿಸಿ, ‘ಪರ್ಮಿಷನ್ಸ್’ನಲ್ಲಿ ಕಾಂಟ್ಯಾಕ್ಟ್ಸ್ ಅನುಮತಿ ತೆಗೆದರೆ ಹೊಸ ನಂಬರು ಹೋಗುವುದು ನಿಲ್ಲುತ್ತದೆ. ಈಗಾಗಲೇ ಹೋದವು ಅದರಿಂದ ವಾಪಸು ಬರುವುದಿಲ್ಲ. ಆ್ಯಪ್ ಒಳಗಿನ ಸೆಟ್ಟಿಂಗ್‌ನಲ್ಲೂ ಕಾಂಟ್ಯಾಕ್ಟ್ ಅಪ್‌ಲೋಡ್ ನಿಲ್ಲಿಸಿ, ಅಪ್‌ಲೋಡ್ ಆದ ಪಟ್ಟಿ ಉಳಿದಿದೆಯೇ ನೋಡಿ ಅಳಿಸಬೇಕು.

ಖಾತೆ ತೆರೆಯಲು ಎರಡು ನಿಮಿಷ ಸಾಕು. ಮುಚ್ಚುವುದಕ್ಕೆ ಫೇಸ್‌ಬುಕ್‌ನಲ್ಲಿ ಮೆನು, ಸೆಟ್ಟಿಂಗ್ಸ್, ಅಕೌಂಟ್ಸ್ ಸೆಂಟರ್, ಪರ್ಸನಲ್ ಡೀಟೇಲ್ಸ್, ಅಕೌಂಟ್ ಓನರ್‌ಶಿಪ್ ಆ್ಯಂಡ್ ಕಂಟ್ರೋಲ್ ಎಂದು ಇಳಿಯುತ್ತಾ ಹೋಗಬೇಕು. ಕೊನೆಗೆ ಸಿಗುವ ಎರಡು ಆಯ್ಕೆಗಳಲ್ಲಿ ‘ಡಿಆ್ಯಕ್ಟಿವೇಟ್’ ಎಂದರೆ ತಾತ್ಕಾಲಿಕವಾಗಿ ಮರೆಮಾಡುವುದು, ಮಾಹಿತಿ ಕಂಪನಿಯ ಬಳಿಯೇ ಉಳಿಯುತ್ತದೆ. ‘ಡಿಲೀಟ್’ ಆರಿಸಿದರೂ 30 ದಿನ ಕಾಯಬೇಕು. ಆ ಅವಧಿಯಲ್ಲಿ ಫೇಸ್‌ಬುಕ್ ಖಾತೆಯಿಂದಲೇ ಬೇರೆ ಆ್ಯಪ್‌ಗೆ ಲಾಗಿನ್ ಆಗಲು ಹೋದರೆ ನಿರ್ಧಾರವೇ ತಲೆಕೆಳಗಾಗಬಹುದು, ಆದ್ದರಿಂದ ಅಂಥ ಆ್ಯಪ್‌ಗಳಿಗೆ ಮೊದಲೇ ಬೇರೆ ಲಾಗಿನ್ ಮಾಡಿಕೊಳ್ಳಿ. ಸರ್ವರ್‌ನಿಂದ ಪೂರ್ತಿ ಅಳಿಯಲು 90 ದಿನದವರೆಗೂ ಹಿಡಿಯಬಹುದು. ಫ್ರಾನ್ಸ್‌ನ ದತ್ತಾಂಶ ರಕ್ಷಣಾ ಸಂಸ್ಥೆ 2022ರ ಜನವರಿಯಲ್ಲಿ ಫೇಸ್‌ಬುಕ್‌ಗೆ 6 ಕೋಟಿ ಯೂರೊ, ಗೂಗಲ್‌ಗೆ 15 ಕೋಟಿ ಯೂರೊ ದಂಡ ಪ್ರಕಟಿಸಿದ್ದು ಇದೇ ಜಾತಿಯ ತಪ್ಪಿಗೆ: ಕುಕಿ (ನಮ್ಮ ಜಾಲತಾಣ ಬಳಕೆಯ ಜಾಡು ಹಿಡಿಯಲು ಬಳಸುವ ಸಣ್ಣ ಕಡತ) ಒಪ್ಪಲು ಒಂದು ಕ್ಲಿಕ್, ನಿರಾಕರಿಸಲು ಹಲವು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಕೊಟ್ಟಷ್ಟೇ ಸಲೀಸಾಗಿ ಹಿಂಪಡೆಯುವಂತಿರಬೇಕು, ಒಪ್ಪಿಗೆಯ ಕೋರಿಕೆ ಕನ್ನಡದಲ್ಲೂ ಸಿಗಬೇಕು ಎನ್ನುತ್ತದೆ. ಆ ಕಲಂಗಳು ಜಾರಿಗೆ ಬರುವುದು ಮಾತ್ರ 2027ರ ಮೇ ತಿಂಗಳಲ್ಲಿ.

ದೂರೆಲ್ಲ ಕಂಪನಿಗಳ ಮೇಲೇ ಅಲ್ಲ. ಬೆಣ್ಣೆ ದೋಸೆ ಹೋಟೆಲು, ಸೀರೆ ಅಂಗಡಿ, ಕೋಚಿಂಗ್ ಸೆಂಟರ್‌ಗಳಿಂದ ದುಡ್ಡು ಪಡೆದು ‘ಸುಮ್ಮನೆ ಹೋಗಿದ್ವಿ, ಚೆನ್ನಾಗಿತ್ತು’ ಎಂಬ ಧಾಟಿಯಲ್ಲಿ ರೀಲ್ ಹಾಕಿದರೆ ಅದು ವೇಷ ಮರೆಸಿದ ಜಾಹೀರಾತು. ಇಲ್ಲಿ ಜಾಹೀರಾತೆಂದು ತಿಳಿಸುವ ಹೊಣೆಯನ್ನು ಮಾರ್ಗಸೂಚಿ ಹೊರಿಸಿರುವುದು ಅದನ್ನು ಹಾಕಿದ ಮಾರಾಟಗಾರ ಅಥವಾ ಜಾಹೀರಾತುದಾರನ ಮೇಲೆ.

ಹಣ ಕೊಟ್ಟು ಪಡೆದ ಚಂದಾದಾರಿಕೆಯಲ್ಲಿ ಒಂದು ತಪ್ಪು ತುಂಬಾ ಸಾಮಾನ್ಯ: ಆ್ಯಪ್ ಅಳಿಸಿದರೆ ಚಂದಾ ನಿಲ್ಲುತ್ತದೆಂಬ ನಂಬಿಕೆ. ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನ ಪ್ರೊಫೈಲ್ ಚಿತ್ರ ಒತ್ತಿ ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’ನಲ್ಲಿ ರದ್ದು ಮಾಡಿ, ಯುಪಿಐ ಆ್ಯಪ್‌ನ ‘ಆಟೋ ಪೇ’ ಪಟ್ಟಿಯಲ್ಲೂ ನೋಡಿ. ಹಣ ಕಡಿತಕ್ಕೆ 24 ಗಂಟೆ ಮೊದಲು ಬರುವ ಸಂದೇಶವನ್ನು ಜಾಹೀರಾತೆಂದು ಒರೆಸಿ ಹಾಕಬೇಡಿ.

ದೂರು ಎಲ್ಲಿಗೆ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದ್ದೇ ಇದೆ. ಅಷ್ಟಾಗಿ ಗೊತ್ತಿಲ್ಲದ ಬಾಗಿಲು ನಮ್ಮೂರಲ್ಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 17ನೇ ಕಲಂ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯ ದೂರನ್ನು ಜಿಲ್ಲಾಧಿಕಾರಿಗೂ ಕೊಡಬಹುದು, 16ನೇ ಕಲಂ ಅವರಿಗೆ ವಿಚಾರಣೆಯ ಅಧಿಕಾರ ಕೊಡುತ್ತದೆ. ಪದ್ಧತಿಯನ್ನು ನಿಲ್ಲಿಸುವಂತೆ ಆದೇಶಿಸುವುದು ಕೇಂದ್ರ ಪ್ರಾಧಿಕಾರದ ಕೆಲಸ, 20ನೇ ಕಲಂ. ಪರಿಹಾರ ಬೇಕಾದವರು ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಹಣ ಕೊಡದೆ ಬಳಸುವವರು ‘ಗ್ರಾಹಕ’ರೇ ಅಲ್ಲ ಎಂದು ಕಂಪನಿಗಳು ವಾದಿಸಬಹುದು, ಹಾಗಾಗಿ ಹಣ ಹೋದ ಪ್ರಕರಣದಿಂದಲೇ ಶುರು ಮಾಡುವುದು ಜಾಣತನ.

‘ಆ್ಯಪ್ ಮೋಸ ಮಾಡುತ್ತಿದೆ’ ಎಂದಷ್ಟೇ ಬರೆದ ದೂರು ಬರೀ ಗೊಣಗಾಟವಾಗುತ್ತದೆ. ಮೊದಲ ಗುಂಡಿಯಿಂದ ಕೊನೆಯದರವರೆಗೆ ಸ್ಕ್ರೀನ್ ರೆಕಾರ್ಡಿಂಗ್, ದಿನಾಂಕ, ಆ್ಯಪ್‌ನ ವರ್ಷನ್ ಸಂಖ್ಯೆ, ಹಣ ಹೋಗಿದ್ದರೆ ವಹಿವಾಟಿನ ಸಂಖ್ಯೆ, 13ರಲ್ಲಿ ಇದು ಯಾವ ತಂತ್ರ ಎಂಬ ಒಂದು ಸಾಲು ಇರಲಿ. ರೆಕಾರ್ಡಿಂಗ್‌ಗೆ ಮುಂಚೆ ನೋಟಿಫಿಕೇಷನ್ ನಿಲ್ಲಿಸಿ, ಇಲ್ಲದಿದ್ದರೆ ಒಟಿಪಿಯೂ ಸಾಕ್ಷ್ಯದೊಳಗೆ ಸೇರಿಬಿಡುತ್ತದೆ!

ದಾವಣಗೆರೆ, ಚಿತ್ರದುರ್ಗ ಜಿಲ್ಲಾಧಿಕಾರಿಗಳು ಇಷ್ಟು ವಿವರ ಕೇಳುವ ಒಂದು ಪುಟದ ಕನ್ನಡ ನಮೂನೆಯನ್ನು ತಮ್ಮ ಕಚೇರಿಯಲ್ಲೂ ತಾಲ್ಲೂಕು ಕಚೇರಿಗಳಲ್ಲೂ ಇರಿಸಬೇಕು. ಪೆನ್ ಡ್ರೈವ್‌ನಲ್ಲಿ ತಂದ ರೆಕಾರ್ಡಿಂಗ್‌ ಪಡೆದು ಸ್ವೀಕೃತಿ ಕೊಡುವಂತೆ ಟಪಾಲು ಶಾಖೆಗೆ ಸೂಚಿಸಬೇಕು.

– ಆ್ಯಪ್ ವಿನ್ಯಾಸ ವೃತ್ತಿಯ ಇಬ್ಬರು ಓದುಗರು, ವಿದ್ಯಾನಗರ, ದಾವಣಗೆರೆ