ಭಾನುವಾರಕ್ಕೆ ಮುಂಚೆ ನಕ್ಷೆ ಓದಿಕೊಂಡು ಬನ್ನಿ

ಗೆಳೆಯರೇ, ಭಾನುವಾರ ಬರುವಾಗ ಸರ್ವೆ ಆಫ್ ಇಂಡಿಯಾದ 1:50,000 ಟೊಪೊಶೀಟ್ (ನೆಲದ ಏರುತಗ್ಗು, ಹಳ್ಳ, ಊರು, ದಾರಿ ತೋರಿಸುವ ನಕ್ಷೆ) ಪ್ರಿಂಟ್ ತನ್ನಿ. ಅದರಲ್ಲಿ 2 ಸೆಂ.ಮೀ. ಅಂದ್ರೆ ನೆಲದ ಮೇಲೆ 1 ಕಿ.ಮೀ.

ಮೊದಲು ಕಂದು ಗೆರೆಗಳನ್ನು ನೋಡಿ. ಒಂದೊಂದು ಗೆರೆಯೂ ಒಂದೇ ಎತ್ತರದ ಜಾಗಗಳನ್ನು ಸೇರಿಸುತ್ತದೆ. ಪಕ್ಕಪಕ್ಕದ ಎರಡು ಗೆರೆಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ವ್ಯತ್ಯಾಸ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರವಿದ್ದರೆ ಸಮತಟ್ಟು. ಗೆರೆ ಹಳ್ಳ ದಾಟುವಾಗ ಬಾಣದ ತುದಿಯಂತೆ ಬಾಗುತ್ತದೆ. ಆ ತುದಿ ಯಾವಾಗಲೂ ನೀರು ಬರುವ ದಿಕ್ಕಿಗೇ ಇರುತ್ತದೆ. ಇದೊಂದು ಗೊತ್ತಿದ್ದರೆ ಕಾಡಲ್ಲಿ ದಾರಿ ತಪ್ಪೋದು ಎಷ್ಟೋ ಕಡಿಮೆ.

ನನಗೆ ಜಾಸ್ತಿ ಇಷ್ಟವಾಗೋದು ಊರುಗಳು. ಕೆಂಪು ಚೌಕಗಳು ಮನೆಗಳು. ಬಯಲುಸೀಮೆಯ ಹಾಳೆಯಲ್ಲಿ ಅವು ಒಂದೇ ಕಡೆ ಗುಂಪಾಗಿರುತ್ತವೆ, ಹತ್ತಿರದಲ್ಲೇ ಕೆರೆ, ಅದರ ಕೆಳಗೆ ಗದ್ದೆ. ಮಲೆನಾಡಿನಲ್ಲಿ ಹಾಗಲ್ಲ. ಒಂದೊಂದು ಕಣಿವೆಗೆ ಒಂದೆರಡು ಮನೆ, ಚದುರಿದಂತೆ. ಅಲ್ಲಿ ತೋಟ, ನೀರು ಎರಡೂ ಮನೆ ಪಕ್ಕದಲ್ಲೇ ಸಿಗುತ್ತವೆ, ಅಲ್ವಾ? ರಸ್ತೆಯುದ್ದಕ್ಕೂ ಸಾಲಾಗಿ ಮನೆಗಳಿದ್ದರೆ ಆ ಊರನ್ನು ರಸ್ತೆಯೇ ಬೆಳೆಸಿರಬಹುದು.

ಹಾಳೆಯ ಸರ್ವೆ ವರ್ಷವನ್ನು ತಪ್ಪದೆ ನೋಡಿ. ಹಳೆಯ ಹಾಳೆಯಲ್ಲಿರುವ ಕಾಲುದಾರಿ ಈಗ ಇಲ್ಲದಿರಬಹುದು.